ಯಸಳೂರು ಕಡೆಯಿಂದ ಒಂದು ಉತ್ತರ

"ಅಕ್ಕಿ ಫ್ರೀ, ಬಸ್ ಫ್ರೀ, ತಿಂಗಳಿಗೆ 2000 ರೂಪಾಯಿ. ಸರ್ಕಾರ ಇನ್ನೇನು ಮಾಡಬೇಕು ನಿಮಗೆ?" ಅಂತ ಕೇಳಿದಿರಿ. ಆ ದುಡ್ಡನ್ನು ನಾವು ಹಗುರವಾಗಿ ನೋಡುವುದಿಲ್ಲ. ಗೃಹಲಕ್ಷ್ಮಿ ಹಣ ಬಂದ ವಾರ ಕಾಫಿ ತೋಟದ ಕೂಲಿಯವರಿರುವ ಲೈನ್ ಮನೆಯ ಹೆಂಗಸರು ಅಂಗಡಿಯ ಹಳೇ ಬಾಕಿ ತೀರಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ಕಷ್ಟ ಬೇರೆ ಕಡೆ ಇದೆ.

ನಮ್ಮದು ಸಕಲೇಶಪುರ ತಾಲ್ಲೂಕಿನ ಯಸಳೂರು ಹೋಬಳಿ, ಹಾಸನ ಜಿಲ್ಲೆಯ ಕೊನೆ. ಆಚೆಗೆ ಕೊಡಗು. ಸಂತೆಗೆ, ಔಷಧಿಗೆ ಕೊಡ್ಲಿಪೇಟೆ, ಶನಿವಾರಸಂತೆ ಕಡೆ ಹೋಗುತ್ತೇವೆ. ತಾಲ್ಲೂಕು ಕಚೇರಿಯ ಕಾಗದಕ್ಕೆ ಮಾತ್ರ ಸಕಲೇಶಪುರಕ್ಕೇ ಹೋಗಬೇಕು. ದೊಡ್ಡ ಕಾಯಿಲೆ ಅಂದರೆ ಅಲ್ಲಿಂದ ಮುಂದೆ ಹಾಸನ, ಮತ್ತೆ ಸುಮಾರು 40 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮಮ್ಮ ತುಂಬಾ ಖುಷಿಪಟ್ಟರು. ಆದರೆ ನಮ್ಮ ಊರಿನ ದಾರಿಗೆ ಬಸ್ಸು ಬರುವುದೇ ದಿನಕ್ಕೆ ಎರಡು ಸಲ. ತಪ್ಪಿದರೆ ಆಟೋ. ಅದಕ್ಕೆ ಕೈಯಿಂದಲೇ ಕೊಡಬೇಕು.

ರೇಷನ್ನೂ ಹಾಗೇ. ವರ್ಷಗಟ್ಟಲೆ ಕಾಫಿ ಕೊಯ್ದ ಬೆರಳಲ್ಲಿ ಗೆರೆ ಉಳಿದಿರುವುದಿಲ್ಲ, ಮಷೀನು ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ನಮ್ಮ ತೋಟಕ್ಕೆ ಬರುವ ಅಜ್ಜಿಯೊಬ್ಬರು ಒಂದೇ ತಿಂಗಳಲ್ಲಿ ಮೂರು ಸಲ ಅಂಗಡಿಗೆ ನಡೆದರು. ಮೂರು ಅರ್ಧ ದಿನದ ಕೂಲಿ ಹೋಯಿತು. ಆಗ ಅದು ಫ್ರೀ ಅಕ್ಕಿ ಹೇಗಾಗುತ್ತದೆ ಹೇಳಿ?

ಇನ್ನು ಆನೆ ವಿಷಯ. ಹೊರಗಿನವರಿಗೆ ಇದನ್ನು ಎಷ್ಟು ಹೇಳಿದರೂ ಅರ್ಥ ಮಾಡಿಸುವುದು ಕಷ್ಟ. 2014ರಲ್ಲಿ ಆಲೂರು, ಸಕಲೇಶಪುರ ಕಡೆಯಿಂದ 22 ಆನೆ ಹಿಡಿದು ಸಾಗಿಸಿದರು. ಆಮೇಲೂ ಆನೆ ಬಂದವು. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತಿದ್ದು ನಮ್ಮ ಯಸಳೂರು ವಲಯದಲ್ಲೇ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯುವ ಕೆಲಸದಲ್ಲಿ. ಈ ಕಾಡಿನ ಅಂಚಲ್ಲೇ ನಮ್ಮ ಮಕ್ಕಳು ಸ್ಕೂಲಿಗೆ ನಡೆಯುವುದು.

ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೆಸೇಜ್ ಕಳಿಸುತ್ತಾರೆ. ಒಳ್ಳೆಯ ಕೆಲಸ, ಜೀವ ಉಳಿದಿವೆ. ಬೆಳಿಗ್ಗೆ ಮೊಬೈಲ್ ನೋಡಿಯೇ ನಾವು ಬಾಗಿಲು ದಾಟುವುದು. ಆನೆ ನಮ್ಮ ತೋಟದಲ್ಲಿದೆ ಅಂತ ಬಂದರೆ ಅವತ್ತು ಕೆಲಸ ಇಲ್ಲ. ಬೆಳೆ ಹಾಳಾದರೆ ಅರ್ಜಿ ಕೊಡಬಹುದು, ಪರಿಹಾರ ಬರುತ್ತದೆ, ಅದು ತೋಟದವರಿಗೆ. ಜೀವ ಹೋದರೆ ಮನೆಯವರಿಗೆ ಹಣ ಬರುತ್ತದೆ. ಆದರೆ ಕೂಲಿಯವರ ಮನೆಯಲ್ಲಿ ಆ ದಿನ ತಪ್ಪಿದ ಕೂಲಿಗೆ ಅರ್ಜಿ ಹಾಕುವ ಜಾಗವೇ ಇಲ್ಲ. ಕುಯ್ಲಿನ ಕಾಲದಲ್ಲಿ ವಾರಕ್ಕೆ ಎರಡು ದಿನ ಹೀಗೆ ಹೋದರೆ ಒಲೆ ಮೇಲೆ ಏನಿರುತ್ತದೆ?

ಜನರ ಕ್ಷೇಮ ನೋಡುವುದು ಸರ್ಕಾರದ ಕೆಲಸ ಅಂತ ಸಂವಿಧಾನದ 38ನೇ ವಿಧಿಯಲ್ಲಿದೆ. ಆಹಾರ, ಆರೋಗ್ಯದ ಮಾತು 47ರಲ್ಲಿದೆ. ಇವನ್ನು ಜಾರಿ ಮಾಡಿಸಲು ಕೋರ್ಟಿಗೆ ಹೋಗಲು ಬರುವುದಿಲ್ಲ, ಆದರೆ ಆಡಳಿತಕ್ಕೆ ಇವೇ ಬುನಾದಿ ಅಂತ 37ನೇ ವಿಧಿ ಹೇಳುತ್ತದೆ. ಹಾಗಾಗಿ ನಾವು ಕೇಳುವುದು ಭಿಕ್ಷೆ ಅಲ್ಲ.

ಏನು ಬೇಕು ಅಂದಿರಲ್ವಾ? ಸ್ಕೂಲ್ ಹೊತ್ತಿಗೆ ಒಂದು ಬಸ್ಸು. ಹೆಬ್ಬೆಟ್ಟು ಬೀಳದಿದ್ದರೂ ಅವತ್ತೇ ಅಕ್ಕಿ. ಆನೆ ಮೆಸೇಜ್ ಬಂದು ತೋಟ ಮುಚ್ಚಿದ ದಿನಕ್ಕೆ ಅರ್ಧ ಕೂಲಿಯಾದರೂ.