ಎಲ್ಲಿಂದ ತಂದೆ ಎಂದು ಕೇಳುವ ಮುನ್ನ

ಪ್ರಿಯ ಸಹೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಿಮಗೀಗ ಮೂರು ತಿಂಗಳು. ತಪಾಸಣೆಯಲ್ಲಿ ತೆಗೆದ ರಕ್ತಕ್ಕೆ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಸುಳಿವು ನೋಡುವ ವಿಡಿಆರ್‌ಎಲ್ ಪರೀಕ್ಷೆ ಮಾಡಿದ ಚೀಟಿಯಲ್ಲಿ ‘ರಿಯಾಕ್ಟಿವ್ 1:4’ ಎಂದು ಬಂದಿದೆ. ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದಾರೆ, ಗಂಡ ‘ಎಲ್ಲಿಂದ ತಂದೆ?’ ಎಂದಿದ್ದಾರೆ. ಓದಿ ಸಂಕಟವಾಯಿತು.

ಆ ಚೀಟಿ ಯಾರ ನಡತೆಯನ್ನೂ ಹೇಳುವುದಿಲ್ಲ. ಸಿಫಿಲಿಸ್ ಇದೆ ಎಂದು ಕೂಡ ಖಚಿತವಾಗಿ ಹೇಳುವುದಿಲ್ಲ. ವಿಡಿಆರ್‌ಎಲ್ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ಸೋಂಕಿನಿಂದ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಹುಟ್ಟುವ ಒಂದು ಬಗೆಯ ಪ್ರತಿಕಾಯವನ್ನು ತೋರಿಸುತ್ತದೆ, ಅಷ್ಟೆ. ಮಲೇರಿಯಾ, ಕುಷ್ಠ, ಲೂಪಸ್ ಇದ್ದವರಲ್ಲೂ, ಕೆಲವೊಮ್ಮೆ ಬರೀ ಬಸಿರಿನಲ್ಲೂ ಅದು ಕಾಣಿಸಬಹುದು. ಆಗ ಅಂಕಿ ಸಾಮಾನ್ಯವಾಗಿ ನಿಮ್ಮ 1:4ರಂತೆ ಚಿಕ್ಕದೇ ಇರುತ್ತದೆ. ಹಾಗೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ, ಹಳೆಯ ಸೋಂಕಿನಲ್ಲೂ ಅಂಕಿ ಚಿಕ್ಕದಾಗಿರುತ್ತದೆ. ಈ ಗಂಟು ಬಿಡಿಸಲು ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ಬೇಕು. ಅದು ಸಿಫಿಲಿಸ್ ರೋಗಾಣುವಿನ ವಿರುದ್ಧವೇ ಹುಟ್ಟಿದ ಪ್ರತಿಕಾಯವನ್ನು ನೋಡುತ್ತದೆ. ಲೈಂಗಿಕ ಸೋಂಕುಗಳನ್ನು ನೋಡುವ, ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಈ ವಾರವೇ ಹೋಗಿ.

ಆ ಫಲಿತಾಂಶ ತಡವಾಗುವಂತಿದ್ದರೆ ವೈದ್ಯರು ಕಾಯದೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡಬಹುದು. ಕೊಟ್ಟರೆ ಗಾಬರಿಯಾಗಬೇಡಿ. ಸೋಂಕು ನಿಜವಾಗಿದ್ದು ಹಾಗೇ ಬಿಟ್ಟರೆ ಮಾಸಿನ ಮೂಲಕ ಮಗುವಿಗೆ ದಾಟಬಹುದು. ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಎಂದು ತಗುಲಿತೆಂದು ತಿಳಿಯದಿದ್ದರೆ 24 ಲಕ್ಷ ಯೂನಿಟ್‌ನ ಇಂಜೆಕ್ಷನ್ ವಾರಕ್ಕೊಂದರಂತೆ ಮೂರು ವಾರ. ಒಂದು ವಾರವನ್ನೂ ತಪ್ಪಿಸಬೇಡಿ. ಹಿಂದೆಂದಾದರೂ ಪೆನಿಸಿಲಿನ್ ಒಗ್ಗದೆ ಹೋಗಿದ್ದರೆ ಮೊದಲೇ ಹೇಳಿ.

ಇನ್ನು ನಿಮ್ಮ ಯಜಮಾನರಿಗೆ ಈ ಪುಟ ತೋರಿಸಿ. ಸ್ವಾಮಿ, ಟಿಪಿಎಚ್‌ಎ ಪಾಸಿಟಿವ್ ಬಂದರೂ ಸೋಂಕು ಯಾರಿಂದ ಯಾರಿಗೆ ಬಂತೆಂದು ಯಾವ ಲ್ಯಾಬೂ ಹೇಳಲಾರದು. ಸಿಫಿಲಿಸ್ ತಗುಲಿದಾಗ ಮೊದಲು ಏಳುವ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ, ಆಮೇಲೆ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿರುತ್ತದೆ. ಮದುವೆಗೆ ಮುಂಚೆ ನಿಮಗೇ ತಗುಲಿದ್ದರೂ ನಿಮಗೆ ಗೊತ್ತಾಗದೆ ಹೋಗಿರಬಹುದು. ಆಕೆಯ ಜೊತೆ ಹೋಗಿ, ನೀವೂ ರಕ್ತ ಕೊಡಿ. ನಿಮ್ಮಲ್ಲಿ ಸೋಂಕಿದ್ದು ಆಕೆಗೊಬ್ಬಳಿಗೇ ಔಷಧ ಕೊಡಿಸಿದರೆ ಅದು ಮತ್ತೆ ಆಕೆಗೇ ಬರಬಹುದು.

ಸಹೋದರಿ, ಒಂದು ಮಾತು ಬಿಟ್ಟಿದ್ದೆ. ಟಿಪಿಎಚ್‌ಎ ಒಮ್ಮೆ ಪಾಸಿಟಿವ್ ಬಂದರೆ ವಾಸಿಯಾದ ಮೇಲೂ ಹೆಚ್ಚಿನವರಲ್ಲಿ ಜೀವನಪೂರ್ತಿ ಹಾಗೇ ಉಳಿಯುತ್ತದೆ. ಮುಂದೆ ಯಾರೋ ಅದನ್ನು ನೋಡಿ ಮತ್ತೆ ಹೆದರಿಸಬಾರದಲ್ಲ! ಇಂಜೆಕ್ಷನ್ ಹಾಕಿಸಿದ ಚೀಟಿಗಳನ್ನೆಲ್ಲ ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಮಗುವಿಗೆ ಔಷಧ ಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಹೆರಿಗೆ ವಾರ್ಡಿನ ವೈದ್ಯರಿಗೆ ಅವೇ ಬೇಕಾಗುತ್ತವೆ.

— ಸಂಪಾದಕಿ