ಒಂದು ಅಗುಳು ಸಾಕೇ?

ಪತ್ರ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ನೀವು ಬರೆಯುವಾಗಲೆಲ್ಲ ‘ಕಾದು ನೋಡಬೇಕು’ ಎಂದು ಜಾರಿಕೊಳ್ಳುತ್ತೀರಿ. 2024ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯ ಆಯ್ಕೆಗೆ ಮೊದಲು ಮತ ಹಾಕಿದ ಅಯೋವಾ, ನ್ಯೂ ಹ್ಯಾಂಪ್‌ಶೈರ್ ಫಲಿತಾಂಶ ಬಂದೊಡನೆ ‘ಇನ್ನು ಟ್ರಂಪ್ ಅವರೇ ಅಭ್ಯರ್ಥಿ’ ಎಂದು ಸ್ಯಾನ್ ಹೋಸೆಯಲ್ಲಿರುವ ನನ್ನ ಮಗಳು ಫೋನಿನಲ್ಲಿ ಹೇಳಿದಳು, ಹಾಗೆಯೇ ಆಯಿತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕಲ್ಲವೇ? 2028ಕ್ಕಾದರೂ ಧೈರ್ಯ ಮಾಡುವಿರಾ?
— ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ಮಾನ್ಯರೇ, ಗಾದೆಯನ್ನು ಮುಂದಿಟ್ಟು ಸಂಪಾದಕನನ್ನು ಹೇಡಿಯೆನ್ನುವ ನಿಮ್ಮ ಕಲೆಗೆ ತಲೆದೂಗಿದೆ. ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದೂ ಹೇಳಲಾರೆ. 1972ರಿಂದ 2016ರವರೆಗೆ ಎರಡೂ ಪಕ್ಷಗಳಿಂದ ಅಭ್ಯರ್ಥಿಯಾದ ಪ್ರತಿಯೊಬ್ಬರೂ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೊದಲ ಅಥವಾ ಎರಡನೆಯ ಸ್ಥಾನ ಪಡೆದವರೇ. ಇಷ್ಟನ್ನು ನಿಮ್ಮ ಪಾಲಿಗೆ ಬರೆದುಕೊಳ್ಳಿ.

ಆದರೆ ಅಗುಳಿನ ಗಾದೆ ನಿಲ್ಲುವುದು ಪಾತ್ರೆಯೂ ಒಲೆಯೂ ಒಂದೇ ಆಗಿದ್ದಾಗ ಮಾತ್ರ. ಅಲ್ಲಿರುವುದು ಐವತ್ತು ಒಲೆ; ಕೆಲವು ಜನವರಿಯಲ್ಲಿ ಹೊತ್ತಿದರೆ ಕೆಲವು ಜೂನಿನಲ್ಲಿ ಹೊತ್ತುತ್ತವೆ. 2020ರಲ್ಲಿ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಡೆಮಾಕ್ರಟಿಕ್ ಪಕ್ಷದ ಸಮಾವೇಶಕ್ಕೆ ರಾಜ್ಯಗಳಲ್ಲಿ ನಡೆಯುವ ಮತದಾನವಾದ ಪ್ರೈಮರಿ ಮತ್ತು ನೆರೆಹೊರೆಯವರ ಸಭೆಯಾದ ಕಾಕಸ್‌ಗಳ ಮೂಲಕ ಆಯ್ಕೆಯಾಗಬೇಕಿದ್ದ 3,979 ಪ್ರತಿನಿಧಿಗಳಲ್ಲಿ ಅಯೋವಾದ ಪಾಲು 41, ನ್ಯೂ ಹ್ಯಾಂಪ್‌ಶೈರ್‌ನ ಪಾಲು 24. ಈ ಅರವತ್ತೈದು ಅಗುಳನ್ನು ಹಿಸುಕಿ ನೋಡಿದವರಿಗೆ ಅಯೋವಾದಲ್ಲಿ ನಾಲ್ಕನೆಯವರೂ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರೂ ಆಗಿದ್ದ ಜೋ ಬೈಡನ್ ಮುಗಿದ ಕಥೆಯಾಗಿ ಕಂಡರು. ಫೆಬ್ರುವರಿ 29ರಂದು ಸೌತ್ ಕ್ಯಾರೊಲಿನಾದ ಕಪ್ಪು ಜನಾಂಗದ ಮತದಾರರು ತಮ್ಮ ಮಾತು ಹೇಳಿದರು. ಮೂರು ದಿನ ಕಳೆದು ಬಂದ, ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ‘ಸೂಪರ್ ಮಂಗಳವಾರ’ ಮುಗಿಯುವ ಹೊತ್ತಿಗೆ ಆ ಮುಗಿದ ಕಥೆಯೇ ಎಲ್ಲರಿಗಿಂತ ಮುಂದಿತ್ತು. ಮೊದಲೆರಡು ರಾಜ್ಯಗಳಲ್ಲಿ ಕಪ್ಪು ಜನರ ಸಂಖ್ಯೆ ತೀರಾ ಕಡಿಮೆ ಎಂಬುದನ್ನು ಭವಿಷ್ಯಕಾರರು ಅರಿಯದವರಲ್ಲ. ಅರಿತೂ ಆ ಮತಗಳಿಗೆ ಕಾಯಲಿಲ್ಲ.

ನೀವು ಹೇಳಿದ 2024ನ್ನೇ ತೆಗೆದುಕೊಳ್ಳೋಣ. ಒಮ್ಮೆ ಅಧ್ಯಕ್ಷರಾಗಿದ್ದು, ಪಕ್ಷವನ್ನು ಕೈಯಲ್ಲಿಟ್ಟುಕೊಂಡಿದ್ದ ಟ್ರಂಪ್ ಅವರು ಅಯೋವಾದಲ್ಲಿ ಶೇ 51 ಮತ ಪಡೆದರೆ, ಅವರೇ ಅಭ್ಯರ್ಥಿ ಎನ್ನಲು ಜ್ಯೋತಿಷಿ ಬೇಕಿರಲಿಲ್ಲ. ಆ ದಿನಗಳಲ್ಲಿ ಇನ್ನೊಂದು ಪಕ್ಷದ ಬಗ್ಗೆ ನಿಮ್ಮ ಮಗಳು ಏನು ಹೇಳಿದ್ದರು? ನ್ಯೂ ಹ್ಯಾಂಪ್‌ಶೈರ್‌ನ ಮತಪತ್ರದಲ್ಲಿ ಹೆಸರೇ ಇರದ ಬೈಡನ್, ಮತದಾರರು ಕೈಯಾರೆ ಬರೆದ ಹೆಸರಿನ ಬಲದಿಂದ ಗೆದ್ದರು. ಬಳಿಕ ಬಹುತೇಕ ಎಲ್ಲ ಪ್ರತಿನಿಧಿಗಳನ್ನೂ ಗಳಿಸಿದರು. ಜುಲೈ 21ರಂದು ಕಣದಿಂದ ಹಿಂದೆ ಸರಿದರು. ಅಭ್ಯರ್ಥಿಯಾದವರು ಕಮಲಾ ಹ್ಯಾರಿಸ್. ಹಿಂದಿನ ಸಲ, ಅಂದರೆ 2019ರ ಡಿಸೆಂಬರಿನಲ್ಲಿ, ಒಂದು ಮತವೂ ಬೀಳುವ ಮೊದಲೇ ಸ್ಪರ್ಧೆ ಬಿಟ್ಟಿದ್ದವರು ಅವರು.

ಭವಿಷ್ಯ ತಪ್ಪುವುದಕ್ಕಲ್ಲ ನನ್ನ ಸಂಕಟ. ಅಗುಳು ಹಿಸುಕಿದವನು ‘ಇದು ಬೆಂದಿದೆ, ಅದು ಬೇಯುವುದಿಲ್ಲ’ ಎಂದು ಊರಿಗೆಲ್ಲ ಸಾರಿದೊಡನೆ ಎರಡನೆಯ ಒಲೆಗೆ ಸೌದೆ ಕೊಡುವವರು ಕೈಹಿಂತೆಗೆಯುತ್ತಾರೆ. ದೇಣಿಗೆ ನಿಲ್ಲುತ್ತದೆ, ಕಾರ್ಯಕರ್ತರು ಚದುರುತ್ತಾರೆ, ಅನ್ನ ಬೇಯುವುದೇ ಇಲ್ಲ. ಆಗ ಸಾರಿದವನು ತಾನು ಹೇಳಿದ್ದು ನಿಜವಾಯಿತೆಂದು ಬೀಗುತ್ತಾನೆ. 1976ರ ಅಯೋವಾದಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ‘ಯಾರಿಗೂ ಬದ್ಧರಲ್ಲ’ ಎಂದ ಶೇ 37ರಷ್ಟು ಜನರಿಗೆ. ಶೇ 28ರಷ್ಟು ಪಡೆದ ಜಿಮ್ಮಿ ಕಾರ್ಟರ್ ಅವರನ್ನು ಪತ್ರಿಕೆಗಳು ವಿಜೇತರನ್ನಾಗಿಸಿದವು. 2012ರಲ್ಲಿ ಅದೇ ರಾಜ್ಯದಲ್ಲಿ ಮಿಟ್ ರಾಮ್ನಿ ಎಂಟು ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಎರಡು ವಾರ ಕಳೆದ ಮೇಲೆ ಲೆಕ್ಕ ತಾಳೆ ನೋಡಿದರೆ ರಿಕ್ ಸ್ಯಾಂಟೋರಮ್ 34 ಮತ ಮುಂದಿದ್ದರು, ಎಂಟು ಮತಗಟ್ಟೆಗಳ ಲೆಕ್ಕವಂತೂ ಸಿಗಲೇ ಇಲ್ಲ. ಅಷ್ಟರಲ್ಲಿ ನ್ಯೂ ಹ್ಯಾಂಪ್‌ಶೈರ್ ಮತದಾನವೂ ಮುಗಿದಿತ್ತು. ಗೆದ್ದವನೆಂಬ ಬಿರುದನ್ನು ಎರಡು ವಾರ ಇನ್ನೊಬ್ಬರು ಧರಿಸಿದ್ದಕ್ಕೆ ಪರಿಹಾರ ಕೊಡುವವರು ಯಾರು?

ಈ ಪಾಪದಲ್ಲಿ ನನಗೂ ಪಾಲಿದೆ. 2008ರ ಜನವರಿ 8ರ ರಾತ್ರಿ ನಾನು ಒಂದು ದಿನಪತ್ರಿಕೆಯ ವಿದೇಶ ಸುದ್ದಿಯ ಮೇಜಿನಲ್ಲಿದ್ದೆ. ಬರಾಕ್ ಒಬಾಮ ಅಯೋವಾ ಗೆದ್ದು ಐದು ದಿನವಾಗಿತ್ತು, ಸಮೀಕ್ಷೆಗಳೆಲ್ಲ ನ್ಯೂ ಹ್ಯಾಂಪ್‌ಶೈರ್‌ನಲ್ಲೂ ಅವರದೇ ಮುನ್ನಡೆ ಎನ್ನುತ್ತಿದ್ದವು. ‘ಒಬಾಮಗೆ ಎರಡನೇ ಜಯ ನಿಶ್ಚಿತ’ ಎಂದು ಶೀರ್ಷಿಕೆ ಕೊಟ್ಟು ಪುಟ ಕಳುಹಿಸಿ ಮನೆಗೆ ಹೋದೆ. ಬೆಳಿಗ್ಗೆ ಎದ್ದು ಟಿವಿ ಹಾಕಿದರೆ ಹಿಲರಿ ಕ್ಲಿಂಟನ್ ಸುಮಾರು ಮೂರು ಶೇಕಡಾಂಶದಿಂದ ಗೆದ್ದಿದ್ದರು. ಪಕ್ಕದ ಮನೆಯ ಹಿರಿಯರು ಪತ್ರಿಕೆ ಹಿಡಿದು ಗೇಟಿನ ಬಳಿ ನಿಂತು, ‘ಏನಪ್ಪಾ, ಇದು ನಿನ್ನೆಯ ಪತ್ರಿಕೆಯೋ ನಾಳೆಯದೋ?’ ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಕೊನೆಗೆ ಆ ವರ್ಷ ಒಬಾಮರೇ ಅಭ್ಯರ್ಥಿಯಾದರು, ನಿಜ. ಅದು ನನ್ನ ಶೀರ್ಷಿಕೆಯನ್ನು ಸರಿಮಾಡಲಿಲ್ಲ.

ಈ ರೋಗ ಅಮೆರಿಕಕ್ಕೆ ಮೀಸಲಲ್ಲ. ನಮ್ಮಲ್ಲಿ ಮತ ಎಣಿಕೆಯ ದಿನ ಅಂಚೆ ಮತಗಳ ಕಟ್ಟು ಬಿಚ್ಚುತ್ತಿರುವಾಗಲೇ ವಾಹಿನಿಗಳಲ್ಲಿ ಸಂಪುಟ ರಚನೆ ಶುರುವಾಗಿರುತ್ತದೆ. ವರದಿಗಾರನನ್ನು ಊರಿಗೆ ಕಳುಹಿಸಲು ಹಣ ಬೇಕು. ನಾಲ್ವರನ್ನು ಕೂರಿಸಿ ಊಹಿಸಲು ನಾಲ್ಕು ಕುರ್ಚಿ ಸಾಕು. ಅಮೆರಿಕದ ವಿಷಯದಲ್ಲಂತೂ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಅನುವಾದಿಸಿಕೊಡುವ ನಮ್ಮ ಪತ್ರಿಕೆಗಳು, ಕಾಕಸ್ ಎಂದರೆ ಚಳಿಗಾಲದ ರಾತ್ರಿ ಶಾಲೆಯ ಸಭಾಂಗಣದಲ್ಲಿ ನೆರೆಹೊರೆಯವರು ಸೇರಿ ನಡೆಸುವ ಸಭೆ ಎಂಬುದನ್ನು ಎಷ್ಟು ಸಲ ವಿವರಿಸಿವೆ?

ನಿಮ್ಮ ಮಗಳು ಕ್ಯಾಲಿಫೋರ್ನಿಯಾದಲ್ಲಿ ಇರುವುದರಿಂದ ಅವರಿಗೊಂದು ಪ್ರಶ್ನೆ. 2016ರ ಜೂನ್ 6ರ ಸಂಜೆ, ಆ ರಾಜ್ಯವೂ ಸೇರಿ ಆರು ರಾಜ್ಯಗಳು ಮತದಾನಕ್ಕೆ ಸಜ್ಜಾಗಿದ್ದಾಗ, ಪಕ್ಷದಲ್ಲಿನ ಸ್ಥಾನದ ಬಲದಿಂದಲೇ ಸಮಾವೇಶದಲ್ಲಿ ಮತ ಹಾಕುವ ಹಕ್ಕು ಪಡೆದಿದ್ದ ಮುಖಂಡರನ್ನು ವಿಚಾರಿಸಿ ಲೆಕ್ಕ ಹಾಕಿದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ, ಹಿಲರಿ ಅವರಿಗೆ ಉಮೇದುವಾರಿಕೆ ಖಚಿತವಾಯಿತೆಂದು ಸುದ್ದಿ ಕೊಟ್ಟಿತು. ಲೆಕ್ಕ ತಪ್ಪಾಗಿರಲಿಲ್ಲ. ಮರುದಿನ ಮತಗಟ್ಟೆಗೆ ಹೋಗಬೇಕಿದ್ದವರಿಗೆ ಹಿಂದಿನ ರಾತ್ರಿಯೇ ಫಲಿತಾಂಶ ಓದಿ ಹೇಳಿದಂತಾಯಿತು, ಅಷ್ಟೇ. ನಿಮ್ಮ ಮಗಳು ಆಗ ಅಲ್ಲಿಯ ಮತದಾರರಾಗಿದ್ದರೆ, ಆ ಮಂಗಳವಾರ ಅವರು ಮತ ಹಾಕಲು ಹೋದರೋ ಇಲ್ಲವೋ ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.