‘ಪಾಠ’ ಎಂಬ ಒಂದೇ ಪದಕ್ಕೆ ಇಷ್ಟು ಅರ್ಥಗಳು ಬಂದದ್ದು ಹೇಗೆ?

ಸಂಸ್ಕೃತದ ‘ಪಠ್’ ಧಾತುವಿನಿಂದ ಬಂದ ‘ಪಾಠ’ದ ಮೊದಲ ಅರ್ಥ ಗಟ್ಟಿಯಾಗಿ ಓದಿ ಹೇಳುವುದು. ಕಲಿಕೆ, ಪುಸ್ತಕದ ಅಧ್ಯಾಯ, ಬುದ್ಧಿವಾದ ಮುಂತಾದ ಉಳಿದ ಅರ್ಥಗಳೆಲ್ಲ ಅಲ್ಲಿಂದಲೇ ಕವಲೊಡೆದಿವೆ.

ಗ್ರಂಥಗಳು ಬಾಯಿಂದ ಬಾಯಿಗೆ ಸಾಗುತ್ತಿದ್ದ ಕಾಲದಲ್ಲಿ ಗುರು ಹೇಳಿಕೊಟ್ಟದ್ದನ್ನು ಶಿಷ್ಯ ತಿರುಗಿ ಹೇಳುವುದೇ ಕಲಿಕೆಯಾಗಿದ್ದುದರಿಂದ, ಹೇಳುವ ಕ್ರಿಯೆಗೂ ಹೇಳಿದ ವಿಷಯಕ್ಕೂ ಒಂದೇ ಹೆಸರು ನಿಂತಿತು. ‘ಬಾಯಿಪಾಠ’, ‘ಪಾಠ ಒಪ್ಪಿಸು’ ಎಂಬ ಮಾತುಗಳಲ್ಲಿ ಆ ಹಳೆಯ ಪದ್ಧತಿ ಇನ್ನೂ ಉಸಿರಾಡುತ್ತಿದೆ. ಋಗ್ವೇದದ ಮೊದಲ ಮಂತ್ರವನ್ನೇ ನೋಡಿ: ಸಂಹಿತಾಪಾಠದಲ್ಲಿ ‘ಅಗ್ನಿಮೀಳೇ’ ಎಂದು ಕೂಡಿಸಿ ಹೇಳುವುದನ್ನು ಪದಪಾಠದಲ್ಲಿ ‘ಅಗ್ನಿಂ, ಈಳೇ’ ಎಂದು ಬಿಡಿಸಿ ಹೇಳುತ್ತಾರೆ. ಇಲ್ಲಿ ‘ಪಾಠ’ ಎಂದರೆ ಹೇಳುವ ಕ್ರಮ.

ಹೇಳಿದ್ದು ಬರಹಕ್ಕೆ ಇಳಿದಾಗ ಆ ಬರಹದ ರೂಪವೂ ‘ಪಾಠ’ವಾಯಿತು. ಹಳಗನ್ನಡ ಕಾವ್ಯವೊಂದರ ಎರಡು ಓಲೆಪ್ರತಿಗಳಲ್ಲಿ ಒಂದೇ ಪದ್ಯ ಬೇರೆ ಬೇರೆಯಾಗಿ ಕಂಡರೆ ಸಂಪಾದಕರು ಅದನ್ನು ‘ಪಾಠಾಂತರ’ ಅಥವಾ ‘ಪಾಠಭೇದ’ ಎಂದು ಅಡಿಯಲ್ಲಿ ಗುರುತಿಸುತ್ತಾರೆ. ಕರ್ನಾಟಕ ಸಂಗೀತದಲ್ಲಂತೂ ಗುರುಪರಂಪರೆಯಿಂದ ಬಂದ ಕೃತಿಯ ಹಾಡುವ ರೂಪಕ್ಕೇ ‘ಪಾಠಾಂತರ’ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಪದದ ಅತಿ ಸುಂದರ ಬಳಕೆ ಇದೇ.

ಒಂದು ಸಲಕ್ಕೆ ಹೇಳಿಕೊಡುವಷ್ಟು ಭಾಗ ಎಂಬುದರಿಂದ ಪಠ್ಯಪುಸ್ತಕದ ‘ಮೂರನೆಯ ಪಾಠ’ ಬಂತು, ಜೊತೆಯಲ್ಲಿ ಓದುವವನು ‘ಸಹಪಾಠಿ’ಯಾದ. ‘ಅವನಿಗೆ ಸರಿಯಾಗಿ ಪಾಠ ಕಲಿಸಿದರು’ ಎಂದಾಗ ಮಾತ್ರ ಪುಸ್ತಕವೂ ಇಲ್ಲ, ಓದೂ ಇಲ್ಲ. ಪೆಟ್ಟು ತಿಂದು ಬಂದ ತಿಳಿವಳಿಕೆಯನ್ನೇ ಅಲ್ಲಿ ಪಾಠವೆನ್ನುತ್ತೇವೆ.